ಎಫ್‌ಸಿಗೆ ಹೊರಟ ಹಳೆ ಜೀಪು: ಬಣ್ಣ ಆಮೇಲೆ, ಬ್ರೇಕ್ ಮೊದಲು

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಅಪ್ಪ 1991ರಲ್ಲಿ ತಗೊಂಡ ಮಹೀಂದ್ರ ಎಂಎಂ 540 ಜೀಪು ಮನೆಯಲ್ಲಿದೆ. ಡೀಸೆಲ್, ಫೋರ್ ವೀಲ್ ಡ್ರೈವ್, ಬಿಳಿ ಬೋರ್ಡ್. ಗದ್ದೆಗೆ, ಸಂತೆಗೆ ಈಗಲೂ ಅದೇ ಬೇಕು. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಆರ್‌ಸಿ ಇನ್ನೂ ಅವರ ಹೆಸರಲ್ಲಿದೆ, ಬರುವ ಆಗಸ್ಟ್‌ಗೆ ಅವಧಿ ಮುಗಿಯುತ್ತದೆ. ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. 50 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ಗಡಗಡ ಅಲ್ಲಾಡುತ್ತದೆ. ಏರು ಹತ್ತುವಾಗ ಕಪ್ಪು ಹೊಗೆ. ಹಳೇ ಡೀಸೆಲ್ ಗಾಡಿ ಗುಜರಿಗೇ ಅಂತ ಕೆಲವರು ಹೆದರಿಸುತ್ತಿದ್ದಾರೆ. ಊರಿನ ಮೆಕ್ಯಾನಿಕ್ ‘ಪೂರ್ತಿ ಪೇಂಟ್ ಹೊಡೆಸಿ, ಪಾಸ್ ಆಗುತ್ತೆ’ ಅನ್ನುತ್ತಾರೆ. ಪ್ರತಿ ವರ್ಷ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾ? ಎಲ್ಲಿಂದ ಶುರು ಮಾಡಲಿ? ಹಿಂದಿನ ಬಾಗಿಲ ಮೇಲೆ ಅಪ್ಪ ಬರೆಸಿದ ‘ಕಾವೇರಿ ಕೃಪೆ’ ಅಳಿಸಬೇಕಾ?

ಉತ್ತರ: ಮೊದಲು ಭಯ ಬಿಡಿ. ನಿಮ್ಮ ಜೀಪನ್ನು ಯಾರೂ ಗುಜರಿಗೆ ಎಳೆದುಕೊಂಡು ಹೋಗುವುದಿಲ್ಲ. 10 ವರ್ಷ ದಾಟಿದ ಡೀಸೆಲ್ ಗಾಡಿಯ ಮಾತು ದೆಹಲಿ ಮತ್ತು ಅದರ ಸುತ್ತಮುತ್ತಲಿನದು. 15 ವರ್ಷಕ್ಕೆ ನೋಂದಣಿ ರದ್ದು ಅನ್ನುವುದು 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳಿಗೆ ಬಂದ ನಿಯಮ. ಮಂಡ್ಯದ ರೈತನ ಮನೆಯ ಜೀಪಿಗೆ ಇವೆರಡೂ ಸಂಬಂಧ ಇಲ್ಲ. ಪರೀಕ್ಷೆಯಲ್ಲಿ ಪಾಸಾಗುತ್ತಿರುವಷ್ಟು ಕಾಲ ಅದು ರಸ್ತೆಯಲ್ಲಿ ಓಡಬಹುದು.

ಪ್ರತಿ ವರ್ಷದ ಎಫ್‌ಸಿ ಹಳದಿ ಬೋರ್ಡಿನವರಿಗೆ. ಬಾಡಿಗೆ ಗಾಡಿಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಬಿಳಿ ಬೋರ್ಡಿನ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ನಿಮ್ಮ ಅಪ್ಪ 2006ರಲ್ಲಿ, 2011ರಲ್ಲಿ, 2016ರಲ್ಲಿ, 2021ರಲ್ಲಿ ಮಾಡಿಸಿದ್ದು ಇದನ್ನೇ. ನಾವೆಲ್ಲ ಬಾಯಿಮಾತಿಗೆ ಎಫ್‌ಸಿ ಅಂತೀವಿ, ಕಾಗದದಲ್ಲಿ ಅದು ಫಾರಂ 25ರ ಅರ್ಜಿ. ಎರಡರಲ್ಲೂ ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ವಾಹನ ನಿರೀಕ್ಷಕರು) ಗಾಡಿಯನ್ನು ಕಣ್ಣಾರೆ ನೋಡುತ್ತಾರೆ. ಅದಕ್ಕೇ ಮುಂದೆ ಹೇಳುವುದು ಹಳದಿ ಬೋರ್ಡಿನ ಜೀಪಿನವರಿಗೂ ಉಪಯೋಗಕ್ಕೆ ಬರುತ್ತದೆ.

ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನದ ಒಳಗೆ ಅರ್ಜಿ ಹಾಕಬಹುದು. ಆಗಸ್ಟ್ ಅಂದರೆ ಜೂನ್‌ನಲ್ಲಿ ಹಾಕಿ. ಜೀಪಿನ ಕೆಲಸ ಮಾತ್ರ ಈಗಲೇ ಶುರು ಮಾಡಿ. ಹಳೆ ಗಾಡಿಗೆ ಬೇಕಾದ ಸಾಮಾನು ಕೇಳಿದ ದಿನವೇ ಸಿಗುವುದಿಲ್ಲ. ಮಂಡ್ಯದಲ್ಲಿ ಇಲ್ಲ ಅಂದರೆ ಮೈಸೂರಿಗೆ ಬರಬೇಕು, ಇಲ್ಲೂ ಇಲ್ಲ ಅಂದರೆ ಬೆಂಗಳೂರಿಂದ ತರಿಸಬೇಕು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ ಬೀಳುತ್ತದೆ. ನವೀಕರಣದ ಶುಲ್ಕವೂ ಕಡಿಮೆ ಇಲ್ಲ. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದದ್ದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರು, ಜೀಪುಗಳಿಗೆ 10,000 ಮಾಡಿದರು. ನಿಮ್ಮದು ಆ ಲೆಕ್ಕಕ್ಕೆ ಬರುತ್ತದೆ. ಹಸಿರು ತೆರಿಗೆ ಬೇರೆ. ಇಷ್ಟು ಕಟ್ಟುವವರು ಒಂದೇ ಸಲಕ್ಕೆ ಪಾಸಾಗುವ ಹಾಗೆ ಗಾಡಿ ತಯಾರು ಮಾಡಿಕೊಂಡು ಹೋಗಬೇಕು, ಅಲ್ವಾ?

ಹೆಸರಿನ ವಿಷಯ ಮೊದಲು ಮುಗಿಸಿ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳ ಒಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು ಅನ್ನುವುದು ನಿಯಮ. ನಿಮಗೆ ತಡವಾಗಿದೆ, ಆದರೆ ಆಗದ ಕೆಲಸವಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅಮ್ಮ ಮತ್ತು ಅಕ್ಕತಂಗಿಯರ ಒಪ್ಪಿಗೆ ಪತ್ರ ಸಿದ್ಧ ಮಾಡಿಕೊಳ್ಳಿ. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಬರಬೇಕು. ಇಲ್ಲದವರ ಹೆಸರಲ್ಲಿ ಪಾಲಿಸಿ ಇಟ್ಟುಕೊಂಡು ರಸ್ತೆಗಿಳಿದರೆ, ನಾಳೆ ಏನಾದರೂ ಆದಾಗ ಅಲೆದಾಡುವವರು ನೀವೇ.

ಇನ್ನು ಗಾಡಿಗೆ ಬರೋಣ. ನಿಮ್ಮ ಮೆಕ್ಯಾನಿಕ್ ಪೇಂಟ್ ಹೊಡೆಸಿ ಅಂದರಲ್ಲ, ಅದನ್ನು ಸದ್ಯಕ್ಕೆ ನಿಲ್ಲಿಸಿ. ಯಾಕೆ ಅಂತ ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಸ್ವಂತ ಜೀಪನ್ನು ನವೀಕರಣಕ್ಕೆ ಮುಂಚೆ ಒಂದು ಶೆಡ್ಡಿಗೆ ಬಣ್ಣಕ್ಕೆ ಬಿಟ್ಟಿದ್ದೆ. ಅವರು ಚಾಸಿಗೂ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೂ, ದಪ್ಪಗೆ ಕಪ್ಪು ಬಣ್ಣ ಬಳಿದು ಕೊಟ್ಟರು. ನೋಡಲು ಹೊಸ ಗಾಡಿಯ ಹಾಗೆ ಇತ್ತು. ಪರೀಕ್ಷೆಯ ದಿನ ಚಾಸಿ ನಂಬರಿನ ಅರ್ಧ ಅಂಕಿಗಳು ಕಾಣಲೇ ಇಲ್ಲ. ಪೇಂಟು ಗುಂಡಿಗಳೊಳಗೆ ಇಳಿದು ಗಟ್ಟಿಯಾಗಿತ್ತು. ಬಿಸಿಲಲ್ಲಿ ಜೀಪಿನ ಕೆಳಗೆ ಮಲಗಿ ಥಿನ್ನರ್ ಹಚ್ಚಿ ಕೆರೆದೆ. ಅಷ್ಟು ಹೊತ್ತಿಗೆ ಸಮಯ ಮೀರಿತು, ಇನ್ನೊಂದು ದಿನಕ್ಕೆ ಬರಬೇಕಾಯಿತು. ಇನ್‌ಸ್ಪೆಕ್ಟರ್ ಮಾಡಿದ್ದು ಸರಿಯೇ. ನಂಬರ್ ಓದಲಾಗದ ಗಾಡಿಗೆ ಯಾರು ಸಹಿ ಹಾಕುತ್ತಾರೆ?

ಅದಕ್ಕೇ ಮೊದಲ ದಿನದ ಕೆಲಸ ಚಾಸಿ ನಂಬರ್. ಸಾಮಾನ್ಯವಾಗಿ ಅದು ಚಾಸಿಯ ಮುಂಭಾಗದ ಪಟ್ಟಿಯ ಮೇಲೆ ಪಂಚ್ ಆಗಿರುತ್ತದೆ. ಮೂವತ್ತೈದು ವರ್ಷದ ಮಣ್ಣು, ಗ್ರೀಸು ಅದರ ಮೇಲೆ ರೊಟ್ಟಿಯ ಹಾಗೆ ಕೂತಿರುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ಗಂಟೆ ಅಲ್ಲಿ ಅಂಟಿಸಿಡಿ. ಮಣ್ಣು ನೆನೆದ ಮೇಲೆ ಮರದ ಚೂರಿನಿಂದ ತೆಗೆಯಿರಿ. ಪೇಂಟು ಉಳಿದಿದ್ದರೆ ಥಿನ್ನರ್ ಹಚ್ಚಿ ಹಳೆ ಹಲ್ಲಿನ ಬ್ರಷ್‌ನಲ್ಲಿ ಉಜ್ಜಿ. ಗ್ರೈಂಡರ್ ಅಂತೂ ಬೇಡವೇ ಬೇಡ. ಒಂದು ಅಂಕಿ ಸವೆದರೂ ಯಾರೋ ನಂಬರ್ ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ, ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ. ಜಾಗ ಒಣಗಿದ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಮಲಗಿಸಿ ನಿಧಾನವಾಗಿ ಉಜ್ಜಿ. ಕಪ್ಪು ಪಟ್ಟಿಯ ನಡುವೆ ಅಂಕಿಗಳು ಬೆಳ್ಳಗೆ ಮೂಡಿ ಬರುತ್ತವೆ. ಆ ಕಾಗದವನ್ನು ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. 3 ಇದ್ದ ಕಡೆ 8 ಅಂತ ಆರ್‌ಸಿಯಲ್ಲಿ ಬರೆದುಬಿಟ್ಟ ಉದಾಹರಣೆಗಳು ಹಳೆ ಪುಸ್ತಕಗಳಲ್ಲಿ ಉಂಟು. ವ್ಯತ್ಯಾಸ ಇದ್ದರೆ ಈಗಲೇ ಅರ್ಜಿ ಕೊಟ್ಟು ಸರಿ ಮಾಡಿಸಿ. ಎಂಜಿನ್ ನಂಬರಿಗೂ ಇದೇ ಕ್ರಮ. ಎಲ್ಲ ಆದ ಮೇಲೆ ನಂಬರಿನ ಮೇಲೆ ತೆಳ್ಳಗೆ ಗ್ರೀಸ್ ಸವರಿ. ತುಕ್ಕು ಹಿಡಿಯುವುದಿಲ್ಲ, ಪರೀಕ್ಷೆಯ ದಿನ ಒಂದು ಸಲ ಒರೆಸಿದರೆ ಕಾಣುತ್ತದೆ.

ಈಗ ಬ್ರೇಕ್. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದರದ್ದೇ. ನೀವಿರುವುದು ನಾಲೆಗಳ ನಾಡು. ರಸ್ತೆಯ ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ತುಂಬಿ ಹರಿಯುವ ನೀರು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಆ ದಿನದ ನೆನಪು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ರಸ್ತೆಯಲ್ಲಿ ಎಡಕ್ಕೆ ಎಳೆಯುವ ಗಾಡಿಯನ್ನು ‘ಅಭ್ಯಾಸ ಆಗಿದೆ, ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಹಿಡಿದರೆ ಸಾಕು’ ಅಂತ ಓಡಿಸಬೇಡಿ. ಎಫ್‌ಸಿ ಆಮೇಲಿನ ಮಾತು. ಇದನ್ನು ಈ ವಾರವೇ ಮಾಡಿಸಿ.

ಎಡಕ್ಕೆ ಎಳೆದರೆ ಎಲ್ಲರೂ ಎಡಗಡೆ ಚಕ್ರ ಬಿಚ್ಚುತ್ತಾರೆ. ನೀವು ಬಲಗಡೆ ಮೊದಲು ನೋಡಿ. ಎಡಗಡೆ ಬ್ರೇಕ್ ಹಿಡಿಯುತ್ತಿದೆ, ಅದಕ್ಕೇ ಆ ಕಡೆ ಎಳೆಯುತ್ತಿದೆ. ಹಿಡಿಯದೆ ಇರುವುದು ಬಲಗಡೆಯದು. ಡ್ರಮ್ ತೆಗೆದು, ವೀಲ್ ಸಿಲಿಂಡರಿನ (ಬ್ರೇಕ್ ಆಯಿಲ್ ಒತ್ತಡದಲ್ಲಿ ಬ್ರೇಕನ್ನು ತಳ್ಳುವ ಭಾಗ) ರಬ್ಬರ್ ಮುಚ್ಚಳವನ್ನು ಬೆರಳಲ್ಲಿ ಸ್ವಲ್ಪ ಎತ್ತಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಸೋರುತ್ತಿದೆ. ಕೆಂಪಗೆ ತುಕ್ಕಿನ ಪುಡಿ ಇದ್ದರೆ ಪಿಸ್ಟನ್ ಹಿಡಿದುಕೊಂಡಿದೆ. ಗದ್ದೆಯ ನೀರಲ್ಲಿ ಓಡಾಡುವ ಜೀಪುಗಳಲ್ಲಿ ನಾನು ಜಾಸ್ತಿ ಕಂಡದ್ದು ಈ ಎರಡನೆಯದನ್ನು. ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಮೇಲೆ ಎಣ್ಣೆ ಕಪ್ಪಗೆ ಹೊಳೆಯುತ್ತಿದ್ದರೆ ಆಯಿಲ್ ಸೀಲ್ ಹೋಗಿದೆ ಅಂತ ಅರ್ಥ. ಆಗ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು, ಸ್ಯಾಂಡ್ ಪೇಪರ್ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಒಪ್ಪಬೇಡಿ. ಲೈನರಿನ ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸೀಲ್ ಬದಲಿಸಿ, ಲೈನರನ್ನು ಎಡಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ. ಡ್ರಮ್ಮಿನ ಒಳಗೆ ಗೆರೆ ಬಿದ್ದಿದ್ದರೆ ಲೇತಿಗೆ ಕೊಡಿ. ಇನ್ನೊಂದು ಮಾತು. ಡ್ರಮ್ಮಿನ ಧೂಳನ್ನು ಬಾಯಲ್ಲಾಗಲಿ ಏರ್ ಪೈಪಲ್ಲಾಗಲಿ ಊದಬೇಡಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಚಕ್ರಗಳ ಹತ್ತಿರದ ರಬ್ಬರ್ ಬ್ರೇಕ್ ಪೈಪುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಿಸಿ. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡ ಪೈಪೂ ಒಂದು ಕಡೆ ಎಳೆಯುವಂತೆ ಮಾಡುತ್ತದೆ. ಹತ್ತು ವರ್ಷ ದಾಟಿದ ಪೈಪನ್ನು ನಾನು ನೋಡಿ ತೀರ್ಮಾನಿಸುವುದೇ ಇಲ್ಲ, ತೆಗೆದುಬಿಡುತ್ತೇನೆ. ಬ್ರೇಕ್ ಆಯಿಲ್ ಪೂರ್ತಿ ಹೊಸದು ಹಾಕಿಸಿ ಗಾಳಿ ತೆಗೆಸಿ. ಆಮೇಲೆ ಖಾಲಿ ರಸ್ತೆ ನೋಡಿಕೊಳ್ಳಿ. ಎಕ್ಸ್‌ಪ್ರೆಸ್‌ವೇ ಬೇಡ. 30 ಕಿ.ಮೀ. ವೇಗದಲ್ಲಿ ಬಂದು, ಸ್ಟೇರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಒತ್ತಿ. 13 ಮೀಟರ್ ಒಳಗೆ, ನೇರವಾಗಿ ನಿಲ್ಲಬೇಕು. ಮೊದಲೇ ಹೆಜ್ಜೆ ಅಳೆದು ರಸ್ತೆ ಬದಿಗೆ ಎರಡು ಕಲ್ಲಿಟ್ಟುಕೊಂಡರೆ ಅನುಮಾನ ಉಳಿಯುವುದಿಲ್ಲ.

ಹ್ಯಾಂಡ್ ಬ್ರೇಕ್ ಬಗ್ಗೆ ನೀವು ಕೇಳಿಲ್ಲ. ಆದರೆ ಹಳೆ ಜೀಪುಗಳು ಸೋಲುವುದು ಜಾಸ್ತಿ ಅಲ್ಲೇ. ಕಾರಿನ ಹಾಗೆ ಇದು ಹಿಂದಿನ ಚಕ್ರ ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಡುವ ಜಾಗದಲ್ಲಿ ಒಂದು ಸಣ್ಣ ಡ್ರಮ್ ಇರುತ್ತದೆ. ಲಿವರ್ ಎಳೆದರೆ ಆ ಡ್ರಮ್ ಹಿಡಿದು ಶಾಫ್ಟನ್ನೇ ನಿಲ್ಲಿಸುತ್ತದೆ. ಅದರ ಪಕ್ಕದಲ್ಲೇ ಆಯಿಲ್ ಸೀಲ್ ಇದೆ. ಸೀಲ್ ಸ್ವಲ್ಪ ಸೋರಿದರೂ ಎಣ್ಣೆ ನೇರ ಡ್ರಮ್ಮಿನೊಳಗೆ ಹೋಗುತ್ತದೆ. ಆಮೇಲೆ ಕೇಬಲ್ ಎಷ್ಟು ಬಿಗಿ ಮಾಡಿದರೂ ಸುಮ್ನೆ, ಹಿಡಿಯುವುದಿಲ್ಲ. ಜೀಪಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಡ್ರಮ್ಮಿನ ಕೆಳ ಅಂಚಲ್ಲಿ ಎಣ್ಣೆ ಹನಿ ತೂಗಾಡುತ್ತಿದ್ದರೆ ಕಾರಣ ಸಿಕ್ಕಿತು. ಸೀಲ್ ಬದಲಿಸುವಾಗ, ಅದು ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಗುಂಡಿ ಬಿದ್ದಿದೆಯಾ ಅಂತ ಉಗುರಲ್ಲಿ ಕೆರೆದು ನೋಡಲು ಹೇಳಿ. ಗುಂಡಿ ಇದ್ದರೆ ಹೊಸ ಸೀಲೂ ಎರಡು ತಿಂಗಳಲ್ಲಿ ಸೋರುತ್ತದೆ.

ಸರಿಯಾಯಿತಾ ಅಂತ ನೋಡಲು ನಿಮ್ಮ ಊರಿನ ನಾಲೆ ಏರಿಗೆ ಹತ್ತುವ ಇಳಿಜಾರು ಸಾಕು. ನೀರಿನ ಕಡೆಗೆ ಮಾತ್ರ ಮೂತಿ ಮಾಡಿ ನಿಲ್ಲಿಸಬೇಡಿ. ಜೊತೆಗೆ ಒಬ್ಬರು ಚಕ್ರಕ್ಕೆ ಕೊಡಲು ಕಲ್ಲು ಹಿಡಿದು ನಿಂತಿರಲಿ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ನಿಧಾನವಾಗಿ ತೆಗೆಯಿರಿ. ಎರಡು ನಿಮಿಷ ಅಲ್ಲಾಡದೆ ನಿಂತರೆ ಸರಿ. ಓಡುವ ಗಾಡಿಯನ್ನು ನಿಲ್ಲಿಸಲು ಈ ಬ್ರೇಕ್ ಎಳೆಯಬಾರದು. ಶಾಫ್ಟಿನ ಕ್ರಾಸುಗಳಿಗೆ (ತುದಿಯ ಕೀಲುಗಳಿಗೆ) ಪೆಟ್ಟು ಬೀಳುತ್ತದೆ.

ಮುಂದಿನ ಗಡಗಡ. ಟೈರ್ ಅಂಗಡಿಯವರು ಬ್ಯಾಲೆನ್ಸಿಂಗ್ ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡುತ್ತಾರೆ. ಬಾಕ್ಸನ್ನು ಸುಮ್ನೆ ಬಿಗಿ ಮಾಡಬೇಡಿ, ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರದೆ ನಿಲ್ಲುತ್ತದೆ. ಈ ಜೀಪುಗಳ ಮುಂದಿನ ಆಕ್ಸಲ್ ಒಂದೇ ಗಟ್ಟಿ ದಿಂಡು. ಎರಡು ತುದಿಯಲ್ಲಿ ಚಕ್ರ ತಿರುಗುವುದು ಕಿಂಗ್‌ಪಿನ್ ಮೇಲೆ. ಅಲ್ಲಿನ ಬೇರಿಂಗ್ ಸವೆದು ಸಡಿಲವಾದರೆ, ಒಂದು ಗುಂಡಿ ಹಾರಿದ ಕೂಡಲೇ ಎರಡೂ ಚಕ್ರ ಎಡಬಲ ನಡುಗಲು ಶುರು ಮಾಡುತ್ತವೆ. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ದೋಷ ಹಬ್ ಬೇರಿಂಗಿನದು. ಆಗಲೂ ಟಕ್ ಅಂದರೆ ಕಿಂಗ್‌ಪಿನ್. ಈ ಒಂದು ಪರೀಕ್ಷೆ ಗೊತ್ತಿದ್ದರೆ ಬೇಡದ ಸಾಮಾನು ಬದಲಿಸುವ ಖರ್ಚು ಉಳಿಯುತ್ತದೆ.

ಕಿಂಗ್‌ಪಿನ್ನಿನ ಮೇಲೆ ಕೆಳಗೆ ತೆಳು ತಗಡಿನ ಶಿಮ್ಮುಗಳಿರುತ್ತವೆ. ಬೇರಿಂಗ್ ಚೆನ್ನಾಗಿದ್ದರೆ ಒಂದೆರಡು ಶಿಮ್ ತೆಗೆದು ಬಿಗಿ ಮಾಡಿದರೆ ಸಾಕು. ಬೇರಿಂಗಿನಲ್ಲಿ ಗೆರೆ ಬಿದ್ದಿದ್ದರೆ ಬದಲಿಸಲೇಬೇಕು. ಅದೇ ಕೈಯಲ್ಲಿ ಟೈರಾಡ್ ಎಂಡುಗಳು, ಮುಂದಿನ ಪಟ್ಟೆಗಳ (ಸ್ಪ್ರಿಂಗ್ ಎಲೆಗಳ) ಬುಷ್, ಶಾಕಲ್, ಯು ಬೋಲ್ಟ್ ನೋಡಿಸಿ. ಪಟ್ಟೆ ಒಂದು ಎಲೆ ಮುರಿದಿದ್ದರೂ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳುತ್ತದೆ. ಆಕ್ಸಲ್ ತುದಿಯ ಗುಂಡಗಿನ ಭಾಗದಿಂದ ಗ್ರೀಸು, ಎಣ್ಣೆ ಹೊರಗೆ ಬರುತ್ತಿದ್ದರೆ ಅಲ್ಲಿನ ಸೀಲೂ ಹಾಕಿಸಿ. ಕೊನೆಗೆ ಟೋ ಇನ್, ಅಂದರೆ ಮುಂದಿನ ಚಕ್ರಗಳು ಒಳಮುಖವಾಗಿ ಎಷ್ಟು ತಿರುಗಿವೆ ಅನ್ನುವ ಅಳತೆ ಮಾಡಿಸಿ. ಇಷ್ಟಾದ ಮೇಲೂ ನಡುಕ ಇದ್ದರೆ ಆಗ ಟೈರ್ ಕಡೆ ಹೋಗಿ. ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಟ್ರಾಲಿಯ ಟೈರು, ರೀಟ್ರೆಡ್ ಟೈರು ಮುಂದಕ್ಕೆ ಹಾಕಬೇಡಿ.

ಕಪ್ಪು ಹೊಗೆಗೆ ಬರುತ್ತೇನೆ. ಎಂಎಂ 540ರಲ್ಲಿರುವುದು 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್. ಗಟ್ಟಿ ಎಂಜಿನ್, ಆರೈಕೆ ಸಿಕ್ಕರೆ ಇನ್ನೂ ಬಹಳ ವರ್ಷ ಓಡುತ್ತದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲ ನೀರು ಒಳಗೆ ಸೇರುತ್ತಿದೆ. ನಿಮ್ಮದು ಕಪ್ಪು, ಅದೂ ಏರಿನಲ್ಲಿ ಮಾತ್ರ. ಅದು ಒಳ್ಳೆಯ ಸುದ್ದಿ. ಕಡಿಮೆ ಖರ್ಚಿನದನ್ನು ಮೊದಲು ನೋಡಿ. ಏರ್ ಫಿಲ್ಟರ್ ಎಣ್ಣೆ ಬಟ್ಟಲಿನದಾಗಿದ್ದರೆ ಬಟ್ಟಲು ಬಿಚ್ಚಿ. ಕಬ್ಬಿನ ಗದ್ದೆಯ ಧೂಳು ಎಣ್ಣೆಯಲ್ಲಿ ಕಲೆತು ಕೆಸರಾಗಿರುತ್ತದೆ. ತೊಳೆದು, ಗುರುತಿನ ತನಕ ಮಾತ್ರ ಹೊಸ ಎಣ್ಣೆ ಹಾಕಿ. ಆಮೇಲೆ ಡೀಸೆಲ್ ಫಿಲ್ಟರ್, ಟ್ಯಾಪೆಟ್. ಅದಕ್ಕೂ ಬಗ್ಗದಿದ್ದರೆ ನಾಜಲ್‌ಗಳನ್ನು ಡೀಸೆಲ್ ಪಂಪ್ ಕೆಲಸದವರಿಗೆ ಕೊಟ್ಟು ಪ್ರೆಶರ್ ನೋಡಿಸಿ. ಪಂಪ್ ಕೊನೆಗೆ. ಎಮಿಷನ್ ದಿನ ಪಾಸಾಗಲಿ ಅಂತ ಪಂಪಿನ ಡೀಸೆಲ್ ಕಡಿಮೆ ಮಾಡಿ, ಮರುದಿನ ಮತ್ತೆ ಜಾಸ್ತಿ ಮಾಡಿಕೊಳ್ಳುವವರಿದ್ದಾರೆ. ಆ ಹೊಗೆಯನ್ನು ಕುಡಿಯುವುದು ಗಾಡಿಯ ಹಿಂದೆ ಸೈಕಲ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳು. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಕಾಲದ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ (ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಮಾನ). ಎಮಿಷನ್ ಸೆಂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು ಹಲವು ಸಲ ಅಳೆಯುತ್ತಾರೆ. ತಣ್ಣಗಿನ ಎಂಜಿನ್‌ನಲ್ಲಿ ಹೋಗಿ ನಿಂತರೆ ಒಳ್ಳೆ ಗಾಡಿಯೂ ಸೋಲಬಹುದು. ಹದಿನೈದು ಕಿ.ಮೀ. ಓಡಿಸಿ, ಕೊನೆಯ ಎರಡು ಮೂರು ಕಿ.ಮೀ. ಮೂರನೇ ಗೇರಿನಲ್ಲಿ ಸ್ವಲ್ಪ ಎಳೆದು ಓಡಿಸಿ ಹೋಗಿ. ಸೈಲೆನ್ಸರಿನಲ್ಲಿ ಕೂತಿದ್ದ ಮಸಿ ದಾರಿಯಲ್ಲೇ ಹೊರಗೆ ಹೋಗುತ್ತದೆ. ನಿಮ್ಮ ಗಾಡಿಗೆ ಸಿಗುವ ಎಮಿಷನ್ ಸರ್ಟಿಫಿಕೇಟು ಆರು ತಿಂಗಳದ್ದು, ಅದು ಪರೀಕ್ಷೆಯ ದಿನ ಜಾರಿಯಲ್ಲಿರಲಿ.

ತುಕ್ಕು. ಒಂದು ಸಣ್ಣ ಸುತ್ತಿಗೆ ಹಿಡಿದು ಜೀಪಿನ ಕೆಳಗೆ ಮಲಗಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ‘ಠಣ್’ ಅನ್ನುತ್ತದೆ. ತುಕ್ಕು ತಿಂದ ಜಾಗ ‘ಧಪ್’ ಅನ್ನುತ್ತದೆ, ಕೆಲವು ಸಲ ಪದರ ಪದರವಾಗಿ ಮುಖದ ಮೇಲೆ ಉದುರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹಿಂದಿನ ಪಟ್ಟೆಗಳು ಚಾಸಿಗೆ ಸೇರುವ ಜಾಗ, ಬಾಡಿ ಬೋಲ್ಟುಗಳ ಸುತ್ತ ಜಾಸ್ತಿ ಗಮನ ಕೊಡಿ. ಕಬ್ಬಿನ ಗದ್ದೆಯ ಒದ್ದೆ ಮಣ್ಣು ಅಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ತೂತು ಇದ್ದರೆ ತುಕ್ಕಿನ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ ಪ್ಲೇಟ್ ಇಟ್ಟು ವೆಲ್ಡ್ ಮಾಡಿಸಿ. ತುಕ್ಕಿನ ಮೇಲೆಯೇ ತಗಡು ಹೊದಿಸಿ ಕಪ್ಪು ಬಳಿಯುವುದು ಕಣ್ಣು ಮುಚ್ಚಿಸುವ ಕೆಲಸ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ತೆಗೆಸಿ, ಡೀಸೆಲ್ ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಲೇಬೇಕು.

ಲೈಟುಗಳ ವಿಷಯ ಸುಲಭ. ಹಳೆ ಜೀಪಿನ ಲೈಟು ಮಂಕಾದರೆ ನೂರಕ್ಕೆ ಎಂಬತ್ತು ಸಲ ಅರ್ಥ್ ಕಾರಣ ಅನ್ನುವುದು ನನ್ನ ಅಂದಾಜು. ಬ್ಯಾಟರಿಯಿಂದ ಚಾಸಿಗೆ ಬರುವ ದಪ್ಪ ವೈರಿನ ಬೋಲ್ಟ್ ಬಿಚ್ಚಿ, ಅಡಿಯ ತುಕ್ಕು ಉಜ್ಜಿ ಬಿಗಿ ಮಾಡಿ. ಹೆಡ್‌ಲೈಟ್ ಡಿಮ್ ಡಿಪ್, ಇಂಡಿಕೇಟರ್, ಬ್ರೇಕ್ ಲೈಟ್, ನಂಬರ್ ಪ್ಲೇಟಿನ ಲೈಟ್, ಹಿಂದಿನ ಕೆಂಪು ರಿಫ್ಲೆಕ್ಟರ್, ವೈಪರ್, ಹಾರನ್, ಕನ್ನಡಿ ಎಲ್ಲ ಇರಲಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿಲ್ಲದಿದ್ದರೆ ಈಗಲೇ ಬುಕ್ ಮಾಡಿ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳಿಗೂ ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಅದನ್ನು ಕಡ್ಡಾಯ ಮಾಡಿದ್ದಾರೆ.

ಜೀಪಿಗೆ ಏನಾದರೂ ಸೇರಿಸಿದ್ದರೆ ತೆಗೆದು ಹೋಗಿ. ಮುಂದಿನ ದಪ್ಪ ಬುಲ್ ಬಾರ್, ಮೇಲಿನ ಎಲ್‌ಇಡಿ ಪಟ್ಟಿ, ಹಾಡುವ ಹಾರನ್, ಬಾಡಿಯಿಂದ ಹೊರಗೆ ಚಾಚಿದ ಅಗಲ ಟೈರು ಯಾವುದೂ ಬೇಡ. ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಎಂಜಿನ್ ಬದಲಿಸಿದ್ದರೆ, ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲಿ ಬರೆಸಿರಬೇಕು. ಹಳೆ ಪೆಟ್ರೋಲ್ ವಿಲ್ಲೀಸ್ ತಂದು ಡೀಸೆಲ್ ಎಂಜಿನ್ ಕೂರಿಸಿ, ಕಾಗದದಲ್ಲಿ ಪೆಟ್ರೋಲ್ ಅಂತಲೇ ಉಳಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಅಂದ ಹಾಗೆ, ನಿಮ್ಮ ಪಕ್ಕದ ಊರಲ್ಲಿ ಯಾರ ಹತ್ತಿರವಾದರೂ 50 ವರ್ಷ ದಾಟಿದ ಜೀಪು ಮೂಲ ರೂಪದಲ್ಲೇ ಇದ್ದರೆ, 2021ರಿಂದ ಅದಕ್ಕೆ ವಿಂಟೇಜ್ ನೋಂದಣಿ ಇದೆ. 20,000 ರೂಪಾಯಿ ಶುಲ್ಕ, 10 ವರ್ಷ ಅವಧಿ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗೆ ಬಿಟ್ಟು ದಿನಾ ರಸ್ತೆಯಲ್ಲಿ ಓಡಿಸುವಂತಿಲ್ಲ. ಗದ್ದೆಗೆ ಹೋಗುವ ಜೀಪಿಗೆ ಅದು ಆಗಿ ಬರುವುದಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಅಡಿಯಿಂದ ಪೂರ್ತಿ ತೊಳೆಸಿ. ಹಿಂದಿನ ದಿನ ತೊಳೆಸಿದರೆ ಡ್ರಮ್ಮಿನಲ್ಲಿ ನೀರು ನಿಂತು ಬೆಳಿಗ್ಗೆ ಬ್ರೇಕ್ ಒಂದು ಕಡೆ ಎಳೆಯಬಹುದು. ತೊಳೆದ ಮೇಲೆ ಐದಾರು ಕಿ.ಮೀ. ಓಡಿಸಿ, ಎಲ್ಲಿ ಹೊಸದಾಗಿ ಎಣ್ಣೆ ಒಸರುತ್ತಿದೆ ನೋಡಿ. ಮೂಲ ಆರ್‌ಸಿ, ಇನ್ಶೂರೆನ್ಸ್, ಎಮಿಷನ್, ಪೆನ್ಸಿಲ್ ಪ್ರಿಂಟ್, ಶುಲ್ಕದ ರಸೀದಿ ಒಂದು ಕವರಿನಲ್ಲಿ ಇಡಿ. ಮಂಡ್ಯ ಕೆಎ 11ರ ಕಚೇರಿಗೆ ಬೆಳಿಗ್ಗೆ ಹೋಗಿ. ನೀವೇ ಓಡಿಸಿಕೊಂಡು ಹೋಗಿ, ನೀವೇ ಮಾತಾಡಿ. ಏಜೆಂಟರ ಕೈಗೆ ಗಾಡಿ ಕೊಟ್ಟು ಕಳಿಸಿದರೆ ಇನ್‌ಸ್ಪೆಕ್ಟರ್ ಏನು ನೋಡಿದರು, ಏನು ಹೇಳಿದರು ಅನ್ನುವುದು ನಿಮಗೆ ತಿಳಿಯುವುದೇ ಇಲ್ಲ. ತಪ್ಪು ತೋರಿಸಿದರೆ ಬರೆದುಕೊಂಡು ಬನ್ನಿ, ಸರಿ ಮಾಡಿಸಿ ಮತ್ತೆ ಹೋಗಿ.

ಕಾನೂನಿನ ಪ್ರಕಾರ ನಿಮಗೆ ಇದು ಐದು ವರ್ಷಕ್ಕೊಮ್ಮೆ. ಆದರೆ ಪ್ರತಿ ವರ್ಷ ಆಯುಧಪೂಜೆಗೆ ಜೀಪು ತೊಳೆದು ಬಾಳೆಕಂದು ಕಟ್ಟುತ್ತೀರಲ್ಲ, ಅದಕ್ಕೆ ಒಂದು ವಾರ ಮುಂಚೆ ನಾಲ್ಕೂ ಡ್ರಮ್ ಬಿಚ್ಚಿಸಿ, ಕಿಂಗ್‌ಪಿನ್ ಅಲ್ಲಾಡಿಸಿ ನೋಡಿಸಿ. ನಮ್ಮ ಶೆಡ್ಡಿಗೆ ಬರುವ ಹಳೆ ಜೀಪಿನವರಿಗೆಲ್ಲ ನಾನು ಇದನ್ನೇ ಹೇಳುವುದು. ಹಬ್ಬದ ದಿನ ನಿಂಬೆಹಣ್ಣು ಹತ್ತಿಸುವ ಚಕ್ರದ ಒಳಗೆ ಏನಿದೆ ಅಂತ ಗೊತ್ತಿರಬೇಕು.

ಕೊನೆಗೆ ‘ಕಾವೇರಿ ಕೃಪೆ’. ನಂಬರ್ ಪ್ಲೇಟಿನ ಮೇಲೆ, ಗಾಜಿನ ಮೇಲೆ, ಲೈಟಿನ ಮೇಲೆ ಏನೂ ಬರೆದಿರಬಾರದು. ಹಿಂದಿನ ಬಾಗಿಲ ಮೇಲಿನ ಎರಡು ಪದಕ್ಕೆ ನನ್ನ ಅನುಭವದಲ್ಲಿ ಯಾರೂ ತಕರಾರು ತೆಗೆದಿಲ್ಲ. ಬ್ರೇಕ್, ಕಿಂಗ್‌ಪಿನ್, ತುಕ್ಕಿನ ಕೆಲಸ ಮುಗಿದು ದುಡ್ಡು ಉಳಿದರೆ ಆಗ ಬಣ್ಣ ಹೊಡೆಸಿ, ಆರ್‌ಸಿಯಲ್ಲಿರುವ ಬಣ್ಣವನ್ನೇ. ಪೇಂಟರ್ ಪಂಪ್ ಹಿಡಿಯುವ ಮುಂಚೆ ನೀವೇ ಪಕ್ಕದಲ್ಲಿ ನಿಂತು ಎರಡು ಜಾಗಕ್ಕೆ ಕಾಗದ ಇಟ್ಟು ಟೇಪ್ ಅಂಟಿಸಿ. ಒಂದು ಚಾಸಿ ನಂಬರ್. ಇನ್ನೊಂದು ಅಪ್ಪ ಬರೆಸಿದ ಆ ಅಕ್ಷರಗಳು.